ಅರ್ಜಿ ಹಾಕುವ ಮೊದಲೇ ಸೋಲುವುದೇಕೆ?

(ಸಂಘದ ವಾರ್ಷಿಕೋತ್ಸವ ಹಾಗೂ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ‘ಸುಪ್ತ ನಂಬಿಕೆಗಳು ಮತ್ತು ವೃತ್ತಿಜೀವನ’ ಎಂಬ ವಿಷಯದ ಮೇಲೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಮನಶ್ಶಾಸ್ತ್ರಜ್ಞನಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದು 2021ರಲ್ಲಿ ನಿವೃತ್ತನಾದವನು. ಕಾರ್ಯದರ್ಶಿಗಳು ಫೋನ್ ಮಾಡಿ ಈ ವಿಷಯ ಕೊಟ್ಟಾಗ, ಇದಕ್ಕೆ ಯಾರಾದರೂ ಪ್ರೊಫೆಸರರನ್ನು ಕರೆಯಿರಿ ಎಂದೆ. ಆಮೇಲೆ ಯೋಚಿಸಿದಾಗ ನಗು ಬಂತು. ಸಂಘದವರು ಕರೆದು ಮಾತನಾಡಿ ಎಂದರೆ, ವಿಷಯ ಏನೆಂದು ಸರಿಯಾಗಿ ಕೇಳುವ ಮೊದಲೇ ‘ನನ್ನಿಂದಾಗದು’ ಎಂದು ನನ್ನ ಬಾಯಿ ಹೇಳಿತ್ತು. ಇವತ್ತು ನಾನು ಮಾತನಾಡಬೇಕಾದ ವಿಷಯವೂ ಅದೇ. ಅದಕ್ಕೇ ಒಪ್ಪಿಕೊಂಡೆ.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ.

1984ರಲ್ಲಿ ನಾನು ಗುಮಾಸ್ತನಾಗಿ ಬ್ಯಾಂಕಿಗೆ ಸೇರಿದೆ. ಕೆಲವು ವರ್ಷಗಳ ಸೇವೆಯ ನಂತರ ಗುಮಾಸ್ತರು ಪರೀಕ್ಷೆ ಬರೆದು ಅಧಿಕಾರಿಗಳಾಗಲು ಅವಕಾಶವಿತ್ತು. ನನಗೆ ಮೊದಲ ಅವಕಾಶ ಬಂದದ್ದು 1989ರಲ್ಲಿ. ಸುತ್ತೋಲೆ ಬಂತು, ಓದಿದೆ, ಸಹಿ ಹಾಕಿ ಪಕ್ಕದ ಮೇಜಿಗೆ ಕಳುಹಿಸಿದೆ. ಅರ್ಜಿ ಹಾಕಲಿಲ್ಲ. ಯಾಕೆ ಎಂದು ಕೇಳಿದವರಿಗೆ, ತಾಯಿಗೆ ಹುಷಾರಿಲ್ಲ, ವರ್ಗಾವಣೆಯಾದರೆ ಕಷ್ಟ ಎಂದೆ. ಮುಂದಿನ ಸಲ ಸುತ್ತೋಲೆ ಬಂದಾಗ ಮಗಳು ಚಿಕ್ಕವಳು ಎಂದೆ. ಮತ್ತೊಂದು ಸಲ ಮನೆ ಕಟ್ಟಿಸುತ್ತಿದ್ದೇನೆ ಎಂದೆ. ಇನ್ನೊಂದು ಸಲ, ಅಧಿಕಾರಿಯಾದರೆ ತಲೆನೋವು, ಸಂಬಳದಲ್ಲಿ ಏನು ಮಹಾ ವ್ಯತ್ಯಾಸ ಎಂದು ತತ್ತ್ವಜ್ಞಾನಿಯಂತೆ ಮಾತನಾಡಿದೆ. ಇವೆಲ್ಲ ಸುಳ್ಳಲ್ಲ. ತಾಯಿಗೆ ನಿಜವಾಗಿಯೂ ಹುಷಾರಿರಲಿಲ್ಲ, ಮನೆಯನ್ನೂ ನಿಜವಾಗಿಯೇ ಕಟ್ಟಿಸುತ್ತಿದ್ದೆ. ಆದರೆ ಒಂದು ಮಾತು ಗಮನಿಸಿ. ಒಂಬತ್ತು ವರ್ಷಗಳಲ್ಲಿ ಕಾರಣ ಬದಲಾಗುತ್ತಾ ಹೋಯಿತು, ತೀರ್ಮಾನ ಮಾತ್ರ ಬದಲಾಗಲಿಲ್ಲ.

ನಮ್ಮ ಶಾಖೆಯಲ್ಲಿ ಒಬ್ಬರು ಜವಾನರಿದ್ದರು. ಏಳನೇ ತರಗತಿ ಓದಿದವರು. ಒಂದು ದಿನ ಮುಖ್ಯ ಕಚೇರಿಗೆ ಹೋಗಬೇಕಾದ ಇಂಗ್ಲಿಷ್ ಪತ್ರವನ್ನು ನಾನು ಬರೆದು ಕೊಟ್ಟೆ. ಮ್ಯಾನೇಜರರು ಎಂದಿನಂತೆ ಒಂದಕ್ಷರ ತಿದ್ದದೆ ಸಹಿ ಹಾಕಿದರು. ಪತ್ರವನ್ನು ಲಕೋಟೆಗೆ ಹಾಕುತ್ತಾ ಆ ಜವಾನರು ಕೇಳಿದರು, “ಸಾರ್, ಮ್ಯಾನೇಜರ್ ಸಾಹೇಬರ ಕಾಗದ ಬರೆಯುವುದು ನೀವು. ಆ ಪರೀಕ್ಷೆಗೆ ಯಾಕೆ ಕೂತುಕೊಳ್ಳುವುದಿಲ್ಲ?” ನಾನು ಹಿಂದುಮುಂದು ನೋಡದೆ, “ಅದರಲ್ಲಿ ಇಂಗ್ಲಿಷ್ ಇರುತ್ತದಪ್ಪ” ಎಂದೆ. ಅವರು ಕೈಯಲ್ಲಿದ್ದ ಲಕೋಟೆ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳದೆ ಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವರ್ಷಗಟ್ಟಲೆ ಶಾಖೆಯ ಇಂಗ್ಲಿಷ್ ಪತ್ರವ್ಯವಹಾರ ಮಾಡುತ್ತಿದ್ದವನು ತನಗೆ ಇಂಗ್ಲಿಷ್ ಬಾರದು ಎಂದು ಹೇಗೆ ನಂಬಿದ್ದೆ? ಹುಡುಕುತ್ತಾ ಹೋದಾಗ ಸಿಕ್ಕಿದ್ದು 1974ರ ಎಂಟನೇ ತರಗತಿ. ನಮ್ಮದು ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಲು ನನ್ನನ್ನು ನಿಲ್ಲಿಸಿದರು. ‘ಐಲ್ಯಾಂಡ್’ ಎಂಬ ಪದವನ್ನು ಬರೆದಂತೆಯೇ ‘ಇಸ್‌ಲ್ಯಾಂಡ್’ ಎಂದು ಓದಿದೆ. ಮೇಷ್ಟ್ರು, “ನಿನ್ನ ನಾಲಿಗೆಗೆ ಇಂಗ್ಲಿಷ್ ಹತ್ತುವುದಿಲ್ಲ, ಕೂತುಕೋ” ಎಂದರು. ಇಡೀ ತರಗತಿ ನಕ್ಕಿತು. ಅವರು ಕೆಟ್ಟವರಲ್ಲ. ಮರುದಿನ ಅವರಿಗೆ ಅದು ನೆನಪೂ ಇದ್ದಿರಲಾರದು. ನನಗೂ ನೆನಪಿರಲಿಲ್ಲ. ಆದರೆ ಆ ವಾಕ್ಯ ಎಲ್ಲೋ ಒಳಗೆ ಕುಳಿತು, ಇಪ್ಪತ್ತು ವರ್ಷಗಳ ನಂತರವೂ ನನ್ನ ಪರವಾಗಿ ತೀರ್ಮಾನ ಮಾಡುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ನನ್ನದು ಅದಕ್ಕೆ ತಿರುವುಮುರುವು. ಕುಣಿಯಲು ಬರುತ್ತಿತ್ತು. ಬರುತ್ತದೆ ಎಂದು ಗೊತ್ತಿಲ್ಲದ ಕಾರಣ ನೆಲ ಡೊಂಕು ಎನ್ನುತ್ತಿದ್ದೆ.

ಸುಪ್ತ ನಂಬಿಕೆ ಎಂದರೇನು?

ಸುಪ್ತ ಮನಸ್ಸು ಎಂದ ಕೂಡಲೇ ಕೆಲವರಿಗೆ ಅದೇನೋ ಮಂತ್ರಶಕ್ತಿ ಎನಿಸುತ್ತದೆ. ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಅಂಥ ಪುಸ್ತಕಗಳು ಸಾಲಾಗಿ ಇರುತ್ತವೆ. ರಾತ್ರಿ ಮಲಗುವ ಮುನ್ನ ಕಾರು ಬಂಗಲೆಗಳನ್ನು ನೆನೆಸಿಕೊಂಡರೆ ಅವು ಬಂದು ಬಾಗಿಲಲ್ಲಿ ನಿಲ್ಲುತ್ತವೆ ಎಂದು ಕೆಲವು ಹೇಳುತ್ತವೆ. ನಾನು ಹೇಳುವುದು ಅದನ್ನಲ್ಲ.

ನೀವು ಸೈಕಲ್ ತುಳಿಯುವಾಗ ಪ್ರತಿ ಕ್ಷಣ ಸಮತೋಲನದ ಲೆಕ್ಕ ಹಾಕುವುದಿಲ್ಲ. ಮನಸ್ಸಿನ ಒಂದು ಭಾಗ ನಿಮಗೆ ಹೇಳದೆ ಆ ಕೆಲಸ ಮಾಡುತ್ತಿರುತ್ತದೆ. ಹಾಗೆಯೇ ‘ಇದು ನನ್ನಿಂದಾಗುತ್ತದೆ, ಇದು ಆಗದು’, ‘ಇದು ನಮ್ಮಂಥವರಿಗೆ, ಇದು ಬೇರೆಯವರಿಗೆ’ ಎಂಬ ಲೆಕ್ಕವೂ ಒಳಗೆ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಈ ಲೆಕ್ಕದ ಸೂತ್ರಗಳನ್ನು ನಾವು ಆರಿಸಿಕೊಂಡವರಲ್ಲ. ಪರೀಕ್ಷಿಸಿ ನೋಡುವ ವಯಸ್ಸು ಬರುವ ಮೊದಲೇ ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಕೇಳಿದ ಮಾತುಗಳಿಂದ ಅವು ಬಂದಿವೆ.

ಅಮೆರಿಕದಲ್ಲಿ ನೆಲೆಸಿದ್ದ ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಈ ಬಗ್ಗೆ ಒಂದು ಸಿದ್ಧಾಂತವನ್ನು ಮಂಡಿಸಿದರು. ಒಂದು ಕೆಲಸ ನನ್ನಿಂದ ಸಾಧ್ಯ ಎಂಬ ನಂಬಿಕೆ ಮೂರು ಸಂಗತಿಗಳನ್ನು ನಿರ್ಧರಿಸುತ್ತದೆ ಎಂದು ಅವರು ಹೇಳಿದರು. ಆ ಕೆಲಸಕ್ಕೆ ನಾವು ಕೈ ಹಾಕುತ್ತೇವೆಯೇ, ಎಷ್ಟು ಶ್ರಮ ಪಡುತ್ತೇವೆ, ಅಡ್ಡಿ ಬಂದಾಗ ಎಷ್ಟು ಹೊತ್ತು ತಾಳಿಕೊಳ್ಳುತ್ತೇವೆ. ನಂಬಿಕೆಯೇ ಕೆಲಸ ಮಾಡಿಕೊಡುತ್ತದೆ ಎಂದು ಅವರು ಹೇಳಲಿಲ್ಲ. ಕೈ ಹಾಕುವುದು ಬಿಡುವುದು ನಂಬಿಕೆಯ ಕೈಯಲ್ಲಿದೆ ಎಂದರು. ನನ್ನ ಒಂಬತ್ತು ವರ್ಷಗಳು ಹೋದದ್ದು ಅಲ್ಲೇ. ಪರೀಕ್ಷೆಯಲ್ಲಿ ನಾನು ಫೇಲಾಗಲಿಲ್ಲ, ಪರೀಕ್ಷೆಯ ತನಕ ಹೋಗಲೇ ಇಲ್ಲ.

ಹಾರ್ದೋಯಿಯ ಹುಡುಗರು

ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗವನ್ನು ಹೇಳುತ್ತೇನೆ. ವಿಶ್ವಬ್ಯಾಂಕಿನ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಾರ್ದೋಯಿ ಜಿಲ್ಲೆಯ ಹಳ್ಳಿಗಳಲ್ಲಿ ಆರನೇ ಮತ್ತು ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಲು ಕೊಟ್ಟರು. 321 ಮಂದಿ ಮೇಲ್ಜಾತಿಯ ಹುಡುಗರು, 321 ಮಂದಿ ದಲಿತ ಹುಡುಗರು. ಬಿಡಿಸಿದ ಒಂದೊಂದು ಒಗಟಿಗೂ ಒಂದು ರೂಪಾಯಿ ಬಹುಮಾನ.

ಯಾರ ಜಾತಿಯನ್ನೂ ಹೇಳದೆ ಒಗಟು ಕೊಟ್ಟಾಗ ಎರಡೂ ಗುಂಪಿನ ಹುಡುಗರು ಒಂದೇ ಮಟ್ಟದಲ್ಲಿ ಬಿಡಿಸಿದರು. ಬೇರೆ ಕೆಲವು ತಂಡಗಳಲ್ಲಿ ಒಗಟು ಕೊಡುವ ಮೊದಲು ಎಲ್ಲರೆದುರು ಪ್ರತಿಯೊಬ್ಬ ಹುಡುಗನ ಹೆಸರು, ಊರು, ತಂದೆಯ ಹೆಸರಿನ ಜೊತೆ ಜಾತಿಯನ್ನೂ ಓದಿದರು. ಅಷ್ಟೇ ವ್ಯತ್ಯಾಸ. ಅಲ್ಲಿ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಗಣನೀಯವಾಗಿ ಕುಸಿಯಿತು.

ಒಗಟು ಅದೇ, ಬಹುಮಾನ ಅದೇ, ಹುಡುಗರ ಬುದ್ಧಿಯೂ ಅದೇ. ಹಾಗಾದರೆ ಕುಸಿದದ್ದು ಏನು? ‘ನಾನು ಯಾರೆಂದು ಇವರಿಗೆ ತಿಳಿಯಿತು, ಇನ್ನು ನನಗೆ ನ್ಯಾಯ ಸಿಗಲಾರದು’ ಎಂಬ ಅಳುಕು ಆ ಹುಡುಗರಲ್ಲಿ ಮೂಡಿರಬಹುದು ಎಂಬುದು ಸಂಶೋಧಕರ ಒಂದು ಮುಖ್ಯ ವಿವರಣೆ. ಈ ಅಧ್ಯಯನದ ಸಾರ 2006ರಲ್ಲಿ ಅಮೆರಿಕದ ಪ್ರಸಿದ್ಧ ಅರ್ಥಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. 1995ರಲ್ಲಿ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಅರಾನ್ಸನ್ ಅಮೆರಿಕದ ಕಪ್ಪು ವರ್ಣದ ವಿದ್ಯಾರ್ಥಿಗಳ ಬಗ್ಗೆ ಇಂಥದೇ ಫಲಿತಾಂಶ ಪ್ರಕಟಿಸಿದ್ದರು. ಆ ಬಗೆಯ ಪ್ರಯೋಗಗಳನ್ನು ನಂತರ ದೊಡ್ಡ ಪ್ರಮಾಣದಲ್ಲಿ ಮಾಡಿದಾಗ ಕೆಲವು ಕಡೆ ಪರಿಣಾಮ ಚಿಕ್ಕದಾಗಿ ಕಂಡಿತು, ಕೆಲವು ಕಡೆ ಕಾಣಲೇ ಇಲ್ಲ. ಆದ್ದರಿಂದ ಪ್ರತಿಯೊಂದು ಸೋಲಿಗೂ ಮನಸ್ಸೇ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬಾಗಿಲು ಮುಚ್ಚಿದವರು ಯಾರು?

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ಸಮಿತಿ 2006ರಲ್ಲಿ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟದ್ದು ನಿಮಗೆ ಗೊತ್ತಿದೆ. ಅದರ ಒಂದು ಅಂಕಿಯನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಹೇಳುತ್ತಾರೆ. 2001ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4, ವಿದೇಶಾಂಗ ಸೇವೆಯಲ್ಲಿ ಶೇ. 1.8ರಷ್ಟು ಮಾತ್ರ ಇದ್ದರು.

ಅದೇ ವರದಿಯಲ್ಲಿರುವ ಇನ್ನೊಂದು ಸಂಗತಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. 2003 ಮತ್ತು 2004ರಲ್ಲಿ ನಾಗರಿಕ ಸೇವಾ ಪರೀಕ್ಷೆ ಬರೆದವರಲ್ಲಿ ಮುಸ್ಲಿಮರ ಪಾಲು ಸುಮಾರು ಶೇ. 5 ಮಾತ್ರ. ಆದರೆ ಹಾಗೆ ಬರೆದವರು ಯಶಸ್ವಿಯಾದ ಪ್ರಮಾಣ ಇತರ ಅಭ್ಯರ್ಥಿಗಳಷ್ಟೇ ಇತ್ತು. ಮಕ್ಕಳೇ, ಇದನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಪರೀಕ್ಷಾ ಕೊಠಡಿಯ ಒಳಗೆ ಹೋದವರು ಇತರರಿಗಿಂತ ಹಿಂದೆ ಬೀಳಲಿಲ್ಲ. ಒಳಗೆ ಹೋದವರೇ ಕಡಿಮೆ.

ಯಾಕೆ ಕಡಿಮೆ? ನಂಬಿಕೆಯೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಪದವಿಯ ತನಕ ಓದಿದವರೇ ನಮ್ಮಲ್ಲಿ ಕಡಿಮೆ ಇದ್ದರು. ಬಡತನ ಇತ್ತು, ಹತ್ತಿರ ಕಾಲೇಜು ಇರಲಿಲ್ಲ, ಮಾರ್ಗದರ್ಶನ ಇರಲಿಲ್ಲ. ಆದರೆ ಆ ವರದಿಯೇ ಇನ್ನೊಂದು ಮಾತನ್ನೂ ಗುರುತಿಸಿತ್ತು. ಓದಿದರೂ ನೌಕರಿ ಸಿಗಲಾರದು ಎಂಬ ಭಾವನೆ ಇರುವ ಕಡೆ ಓದಿನ ಮೇಲಿನ ಆಸಕ್ತಿಯೇ ಕುಗ್ಗುತ್ತದೆ.

ಈ ಭಾವನೆ ಬರೀ ಭ್ರಮೆಯೇ? ಅಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಮೇಲ್ಜಾತಿಯ ಹಿಂದೂ ಹೆಸರುಗಳಿಗೆ ಹೋಲಿಸಿದರೆ ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಂಭವ ಕಡಿಮೆ ಇತ್ತು. ಅಂದರೆ ಕೆಲವು ಬಾಗಿಲುಗಳು ನಿಜವಾಗಿಯೂ ಬಿಗಿಯಾಗಿವೆ. ಇದನ್ನು ಮುಚ್ಚಿಟ್ಟು, ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂದು ನಿಮಗೆ ಉಪದೇಶ ಮಾಡಿದರೆ ನಾನು ಅಪ್ರಾಮಾಣಿಕನಾಗುತ್ತೇನೆ.

ಹಾಗಾದರೆ ಎರಡೂ ನಿಜ. ಹೊರಗೆ ಅಡ್ಡಿಯಿದೆ, ಒಳಗೂ ಅಡ್ಡಿಯಿದೆ. ಹೊರಗಿನ ಅಡ್ಡಿಯ ವಿರುದ್ಧ ಕಾನೂನಿದೆ, ಸಂಘಟನೆಯಿದೆ, ಹೋರಾಟವಿದೆ. ಅದು ನಡೆಯಲೇಬೇಕು. ಒಳಗಿನ ಅಡ್ಡಿಯ ಗುಣ ಬೇರೆ. ಹೊರಗಿನ ಬಾಗಿಲು ಹತ್ತರಲ್ಲಿ ಮೂರು ಮುಚ್ಚಿದ್ದರೆ, ಒಳಗಿನ ನಂಬಿಕೆ ಉಳಿದ ಏಳನ್ನೂ ನಾವೇ ಮುಚ್ಚುವಂತೆ ಮಾಡುತ್ತದೆ. ಆಮೇಲೆ ಹತ್ತೂ ಮುಚ್ಚಿದ್ದವು ಎಂದು ಮಕ್ಕಳಿಗೆ ಹೇಳುತ್ತೇವೆ.

ಒಳಗಿನ ನಂಬಿಕೆಯನ್ನು ಗುರುತಿಸುವುದು ಹೇಗೆ?

ಸುಪ್ತ ನಂಬಿಕೆಯ ದೊಡ್ಡ ತೊಂದರೆ ಏನೆಂದರೆ ಅದು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಒಳ್ಳೆಯ ಕಾರಣದ ಉಡುಪು ತೊಟ್ಟು ಬರುತ್ತದೆ. ನನ್ನ ಅನುಭವದಿಂದ ಕೆಲವು ಗುರುತುಗಳನ್ನು ಹೇಳುತ್ತೇನೆ.

ಮೊದಲನೆಯದು, ಕಾರಣ ಬದಲಾದರೂ ತೀರ್ಮಾನ ಬದಲಾಗದಿರುವುದು. ಈ ವರ್ಷ ಸಮಯವಿಲ್ಲ, ಕಳೆದ ವರ್ಷ ಹಣವಿರಲಿಲ್ಲ, ಅದರ ಹಿಂದಿನ ವರ್ಷ ಆರೋಗ್ಯವಿರಲಿಲ್ಲ. ಮೂರು ವರ್ಷದ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿದರೆ ನಾಲ್ಕನೆಯ ಕಾರಣ ತಾನಾಗಿ ಕಾಣಿಸುತ್ತದೆ.

ಎರಡನೆಯದು, ‘ನಮ್ಮಂಥವರು’ ಎಂಬ ಪದ. ‘ನನಗೆ ಲೆಕ್ಕ ಕಷ್ಟ’ ಎಂದರೆ ಅದಕ್ಕೆ ಪರಿಹಾರವಿದೆ, ಲೆಕ್ಕ ಕಲಿಯಬಹುದು. ‘ನಮ್ಮಂಥವರಿಗೆ ಇದೆಲ್ಲ ಎಲ್ಲಿ’ ಎಂದರೆ ಅದಕ್ಕೆ ಮದ್ದಿಲ್ಲ. ಆ ಪದ ಬಾಯಿಗೆ ಬಂದಾಗ ಒಂದು ಕ್ಷಣ ನಿಂತು ಕೇಳಿಕೊಳ್ಳಿ, ‘ನಮ್ಮಂಥವರು’ ಎಂದರೆ ಯಾರು? ಇದನ್ನು ನನಗೆ ಮೊದಲು ಹೇಳಿದವರು ಯಾರು?

ಮೂರನೆಯದು, ಪ್ರಯತ್ನಿಸುವವರನ್ನು ಕಂಡಾಗ ಆಗುವ ಕಿರಿಕಿರಿ. ಪದೋನ್ನತಿ ಪರೀಕ್ಷೆಗೆ ಓದುತ್ತಿದ್ದ ಸಹೋದ್ಯೋಗಿಯನ್ನು ನಾನು ‘ಪುಸ್ತಕದ ಹುಳ’ ಎಂದು ತಮಾಷೆ ಮಾಡುತ್ತಿದ್ದೆ. ಅದು ತಮಾಷೆಯಾಗಿರಲಿಲ್ಲ ಎಂದು ಈಗ ಗೊತ್ತಾಗುತ್ತದೆ.

ನಾಲ್ಕನೆಯದು, ಒಂದು ಸೋಲನ್ನು ಸ್ವಭಾವವನ್ನಾಗಿ ಮಾಡಿಕೊಳ್ಳುವುದು. ‘ಈ ಸಲ ಫೇಲಾದೆ’ ಎಂಬುದು ಒಂದು ಘಟನೆ. ‘ನಾನು ಫೇಲಾಗುವವನು’ ಎಂಬುದು ನಂಬಿಕೆ. ಇವೆರಡರ ನಡುವೆ ಇರುವ ಅಂತರ ಬಹಳ ದೊಡ್ಡದು.

ಕೆಲಸ ಸಿಕ್ಕಿದ ಮೇಲೆ ಇದು ಮುಗಿಯುತ್ತದೆ ಎಂದುಕೊಳ್ಳಬೇಡಿ. ಸಭೆಯಲ್ಲಿ ಉತ್ತರ ಗೊತ್ತಿದ್ದರೂ ಸುಮ್ಮನೆ ಕೂರುವುದು, ತರಬೇತಿಗೆ ಹೆಸರು ಕೊಡದಿರುವುದು, ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಾಗ ಕಿರಿಯರಿಗೆ ಬಿಟ್ಟುಕೊಡುವುದು, ಸಂಬಳದ ಮಾತು ಎತ್ತಲು ಸಂಕೋಚಪಡುವುದು. ‘ಚೆನ್ನಾಗಿ ಕೆಲಸ ಮಾಡಿದರೆ ಅವರೇ ಗುರುತಿಸುತ್ತಾರೆ’ ಎಂಬುದು ಒಂದು ನಂಬಿಕೆ. ‘ಶಿಫಾರಸು ಇಲ್ಲದೆ ಏನೂ ಆಗುವುದಿಲ್ಲ’ ಎಂಬುದು ಅದರ ತದ್ವಿರುದ್ಧ ನಂಬಿಕೆ. ಎರಡರ ಫಲವೂ ಒಂದೇ, ನಾವು ಕೇಳುವುದಿಲ್ಲ. ಕೇಳದವರಿಗೆ ಸಿಗುವುದು ಅಪರೂಪ.

ಕನಸು ಕಂಡರೆ ಸಾಕೇ?

ಹಾಗಾದರೆ ದಿನಾ ಕನ್ನಡಿ ಮುಂದೆ ನಿಂತು ‘ನಾನು ಗೆಲ್ಲುತ್ತೇನೆ, ನಾನು ಗೆಲ್ಲುತ್ತೇನೆ’ ಎಂದು ನೂರು ಸಲ ಹೇಳಿದರೆ ಆಯಿತೇ? ಗೇಬ್ರಿಯೇಲ್ ಓಟಿಂಗನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆ ತಮ್ಮ ಸಹೋದ್ಯೋಗಿಯೊಂದಿಗೆ ವಿಶ್ವವಿದ್ಯಾಲಯದಿಂದ ಹೊರಬರುತ್ತಿದ್ದವರನ್ನು ಎರಡು ವರ್ಷ ಗಮನಿಸಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಇದು. ಒಳ್ಳೆಯ ನೌಕರಿ ಸಿಕ್ಕಂತೆ ಸುಖವಾದ ಹಗಲುಗನಸು ಹೆಚ್ಚು ಕಂಡವರು ಕಡಿಮೆ ಅರ್ಜಿ ಹಾಕಿದ್ದರು. ಅವರಿಗೆ ಬಂದ ಅವಕಾಶಗಳೂ ಕಡಿಮೆ, ಸಂಬಳವೂ ಕಡಿಮೆ. ಅದೇ ವೇಳೆ, ‘ಪ್ರಯತ್ನಿಸಿದರೆ ನನಗೆ ಸಿಗುವ ಸಾಧ್ಯತೆಯಿದೆ’ ಎಂದು ಎಣಿಸಿದವರು ಚೆನ್ನಾಗಿಯೇ ಮುಂದೆ ಬಂದಿದ್ದರು. ಕನಸಿನಲ್ಲೇ ಊಟ ಮುಗಿಸಿದವನಿಗೆ ಅಡುಗೆಮನೆಗೆ ಹೋಗುವ ಹಸಿವು ಇರುವುದಿಲ್ಲ, ಅಷ್ಟೇ.

ಇನ್ನೊಂದು ಸಂಶೋಧನೆಯನ್ನು ನೆನಪಿಸಿಕೊಳ್ಳಿ. 1960ರ ದಶಕದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ತಪ್ಪಿಸಿಕೊಳ್ಳಲಾಗದ ನೋವನ್ನು ಅನುಭವಿಸಿದ ನಾಯಿಗಳಲ್ಲಿ ಹಲವು, ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಸುಮ್ಮನೆ ಮಲಗಿಬಿಟ್ಟವು. ಅಸಹಾಯಕತೆಯನ್ನು ಜೀವಿಗಳು ಕಲಿಯುತ್ತವೆ ಎಂದು ಅವರು ಹೇಳಿದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಮಿದುಳಿನ ಹೊಸ ಸಂಶೋಧನೆಗಳ ಆಧಾರದ ಮೇಲೆ ಅದೇ ಇಬ್ಬರು ತಮ್ಮ ಮಾತನ್ನು ತಿದ್ದಿಕೊಂಡರು. ದೀರ್ಘ ಸಂಕಟದ ಎದುರು ಸುಮ್ಮನಾಗುವುದು ಕಲಿತದ್ದಲ್ಲ, ಅದು ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು ‘ನಾನು ಏನಾದರೂ ಮಾಡಬಲ್ಲೆ’ ಎಂಬುದನ್ನು. ಅದನ್ನು ಕಲಿಯುವುದು ಅನುಭವದಿಂದ.

ನನಗೆ ಈ ತಿದ್ದುಪಡಿ ತುಂಬಾ ಸಮಾಧಾನ ಕೊಟ್ಟಿತು. ಸುಮ್ಮನೆ ಕುಳಿತದ್ದಕ್ಕೆ ನಾವು ನಾಚಿಕೊಳ್ಳಬೇಕಾಗಿಲ್ಲ. ಆದರೆ ಏಳುವುದನ್ನು ಕಲಿಯಬೇಕು, ಸ್ವಲ್ಪ ಸ್ವಲ್ಪವಾಗಿ.

ಏನು ಮಾಡಬೇಕು?

ನಂಬಿಕೆ ಬೆಳೆಯಲು ನಾಲ್ಕು ಮೂಲಗಳಿವೆ ಎಂದು ಬಂಡೂರಾ ಹೇಳಿದ್ದರು. ಅವನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಒಂದು, ಸ್ವಂತ ಅನುಭವ. ಇದು ಎಲ್ಲಕ್ಕಿಂತ ಗಟ್ಟಿಯಾದದ್ದು. ದೊಡ್ಡ ಗುರಿಯನ್ನು ಗೋಡೆಗೆ ಅಂಟಿಸುವ ಬದಲು ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ. ಗಡಿಯಾರ ಇಟ್ಟು ಬಿಡಿಸಿ. ನೂರಕ್ಕೆ ಇಪ್ಪತ್ತೆರಡು ಬಂದರೆ ಅದನ್ನೇ ಡೈರಿಯಲ್ಲಿ ಬರೆಯಿರಿ. ಮುಂದಿನ ವಾರ ಇಪ್ಪತ್ತಾರು ಬಂದರೆ ಅದನ್ನೂ ಬರೆಯಿರಿ. ‘ನನ್ನಿಂದಾಗದು’ ಎಂಬ ಮಾತಿಗೆ ವಾದ ಮಾಡಿ ಗೆಲ್ಲಲಾಗದು, ಆ ಡೈರಿ ತೋರಿಸಬೇಕು. ಓದುವ ಸಮಯವನ್ನೂ ‘ಇನ್ನು ಮೇಲೆ ಓದುತ್ತೇನೆ’ ಎಂದು ಬಿಡಬೇಡಿ. ‘ಭಾನುವಾರ ಬೆಳಿಗ್ಗೆ ಚಹಾ ಕುಡಿದ ಕೂಡಲೇ ಒಂದು ಪತ್ರಿಕೆ ಬಿಡಿಸುತ್ತೇನೆ’ ಎಂದು ಗೊತ್ತು ಮಾಡಿ. ಹೀಗೆ ಯಾವಾಗ, ಎಲ್ಲಿ ಎಂದು ಮೊದಲೇ ಗೊತ್ತು ಮಾಡಿದ ಕೆಲಸ ಹೆಚ್ಚು ನಡೆಯುತ್ತದೆ ಎಂದು ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ.

ಎರಡು, ನಮ್ಮಂತೆಯೇ ಇರುವವರನ್ನು ನೋಡುವುದು. ದೂರದ ಮಹಾಪುರುಷರ ಚರಿತ್ರೆ ಓದಿದರೆ ಗೌರವ ಬರುತ್ತದೆ, ಧೈರ್ಯ ಬರುವುದು ಅಷ್ಟಕ್ಕಷ್ಟೆ. ಪಕ್ಕದ ಬೀದಿಯ ಬೀಡಿ ಕಟ್ಟುವವರ ಮನೆಯ ಹುಡುಗಿ ಪರೀಕ್ಷೆ ಪಾಸಾದರೆ ಹತ್ತು ಮನೆಯ ಹುಡುಗಿಯರಿಗೆ ದಾರಿ ಕಾಣುತ್ತದೆ.

ಮೂರು, ಇತರರ ಮಾತು. ಬರೀ ‘ನೀನು ಬುದ್ಧಿವಂತ’ ಎಂದರೆ ಪ್ರಯೋಜನ ಕಡಿಮೆ. ‘ಈ ಲೆಕ್ಕದಲ್ಲಿ ಇಲ್ಲಿಯ ತನಕ ಸರಿ ಮಾಡಿದ್ದೀ, ಇಲ್ಲಿ ತಪ್ಪಿದೆ’ ಎಂದರೆ ಪ್ರಯೋಜನವಿದೆ. ಆ ಜವಾನರು ನನ್ನನ್ನು ಹೊಗಳಲಿಲ್ಲ. ನನ್ನ ಕೈಯಲ್ಲೇ ಇದ್ದ ಸಾಕ್ಷಿಯನ್ನು ತೋರಿಸಿದರು.

ನಾಲ್ಕು, ದೇಹದ ಸೂಚನೆ. ಸಂದರ್ಶನದ ಮುನ್ನ ಕೈ ನಡುಗಿದರೆ, ಬಾಯಿ ಒಣಗಿದರೆ ‘ನನಗೆ ಇದು ಬರುವುದಿಲ್ಲ’ ಎಂದು ಅರ್ಥ ಮಾಡಿಕೊಳ್ಳಬೇಡಿ. ಮುಖ್ಯವಾದ ಕೆಲಸದ ಮುಂದೆ ದೇಹ ಹಾಗೆ ಸಿದ್ಧವಾಗುತ್ತದೆ, ಅಷ್ಟೇ.

1998ರಲ್ಲಿ ನಾನು ಮೊದಲ ಸಲ ಅರ್ಜಿ ಹಾಕಿದೆ, ಪರೀಕ್ಷೆ ಬರೆದೆ, ಫೇಲಾದೆ. ಫೇಲಾದದ್ದು ಇಂಗ್ಲಿಷಿನಲ್ಲಲ್ಲ, ಬ್ಯಾಂಕಿಂಗ್ ಕಾನೂನಿನ ಪತ್ರಿಕೆಯಲ್ಲಿ! ಇಪ್ಪತ್ತನಾಲ್ಕು ವರ್ಷ ನಾನು ಹೆದರಿದ್ದು ತಪ್ಪು ಪತ್ರಿಕೆಗೆ. 2000ದಲ್ಲಿ ಪಾಸಾದೆ. ರಾಯಚೂರು ಜಿಲ್ಲೆಗೆ ವರ್ಗಾವಣೆಯಾಯಿತು. ವರ್ಗಾವಣೆಯ ಕಷ್ಟ ನಾನು ಹೇಳುತ್ತಿದ್ದಷ್ಟೇ ಇತ್ತು. ಆದರೆ ಅದು ಅನುಭವಿಸಿ ದಾಟಬಹುದಾದ ಕಷ್ಟವಾಗಿತ್ತು.

ಪೋಷಕರಿಗೆ, ಹಿರಿಯರಿಗೆ ಒಂದು ಮಾತು

ಇಲ್ಲಿಯ ತನಕ ನನಗಾದ ನಷ್ಟವನ್ನು ಹೇಳಿದೆ. ನನ್ನಿಂದಾದ ನಷ್ಟವನ್ನೂ ಹೇಳದಿದ್ದರೆ ಈ ಭಾಷಣ ಅರ್ಧ.

1986ರಲ್ಲಿ ನನ್ನ ತಮ್ಮ ಪಿಯುಸಿ ಮುಗಿಸಿದ. ಗಣಿತದಲ್ಲಿ ನಮ್ಮ ಮನೆತನದಲ್ಲೇ ಅವನಂಥವನಿಲ್ಲ. ಒಂದು ಸಂಜೆ ಬಂದು, “ಅಣ್ಣಾ, ಇಂಜಿನಿಯರಿಂಗಿಗೆ ಅರ್ಜಿ ಹಾಕಲಾ?” ಎಂದು ಕೇಳಿದ. ನಾನು ಮನೆಯಲ್ಲಿ ಓದಿದವನು, ಬ್ಯಾಂಕಿನಲ್ಲಿದ್ದವನು, ನನ್ನ ಮಾತಿಗೆ ತೂಕವಿತ್ತು. “ಅದೆಲ್ಲ ನಮ್ಮಂಥವರಿಗಲ್ಲ. ಐಟಿಐ ಮಾಡು, ಬೇಗ ಕೈಗೆ ಕೆಲಸ ಸಿಗುತ್ತದೆ” ಎಂದೆ. ಪ್ರೀತಿಯಿಂದಲೇ ಹೇಳಿದೆ. ಅವನು ಸೋತು ನೋಯಬಾರದು ಎಂದು ಹೇಳಿದೆ. ಅವನು ಮರುಮಾತನಾಡಲಿಲ್ಲ. ಐಟಿಐ ಮಾಡಿ, ಗಲ್ಫಿಗೆ ಹೋಗಿ, ಇಪ್ಪತ್ತಾರು ವರ್ಷ ದುಡಿದು, ತಂಗಿಯರ ಮದುವೆ ಮಾಡಿದ, ಮಕ್ಕಳನ್ನು ಓದಿಸಿದ. ಗೌರವದ ಬದುಕು, ಅದರಲ್ಲಿ ಕಡಿಮೆ ಏನಿಲ್ಲ. ಆದರೆ ಅವನ ಮಗ ಇಂಜಿನಿಯರಿಂಗ್ ಮುಗಿಸಿದ ದಿನ, ಮಗನ ಗಣಿತದ ಪುಸ್ತಕ ತಿರುವುತ್ತಾ, “ಇದನ್ನು ನಾನೂ ಮಾಡುತ್ತಿದ್ದೆನೇನೋ ಅಣ್ಣಾ” ಎಂದ. ದೂರಿನ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ.

ಆ ಅರ್ಜಿ ಹಾಕಿದ್ದರೆ ಸೀಟು ಸಿಗುತ್ತಿತ್ತೋ ಇಲ್ಲವೋ, ಶುಲ್ಕ ಕಟ್ಟಲಾಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗಲು ನಾನು ಬಿಡಲಿಲ್ಲ. ನನ್ನ ಮೇಷ್ಟ್ರು ನನಗೆ ಹೇಳಿದ್ದನ್ನೇ ನಾನು ಬೇರೆ ಮಾತಿನಲ್ಲಿ ತಮ್ಮನಿಗೆ ಹೇಳಿದ್ದೆ. ಮೇಷ್ಟ್ರು ನಗುತ್ತಾ ಹೇಳಿದರು, ನಾನು ಅಕ್ಕರೆಯಿಂದ ಹೇಳಿದೆ. ಅಕ್ಕರೆಯಿಂದ ಹೇಳಿದ್ದು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಆದ್ದರಿಂದ ತಾಯಂದಿರೇ, ತಂದೆಯಂದಿರೇ, ‘ಹೇಗೂ ಮದುವೆಯಾಗಿ ಹೋಗುವವಳು’, ‘ನಮ್ಮವರಿಗೆ ಯಾರು ಕೊಡುತ್ತಾರೆ’, ‘ನಮ್ಮ ವಂಶದಲ್ಲೇ ಲೆಕ್ಕ ಬರುವುದಿಲ್ಲ’ ಎಂಬ ಮಾತುಗಳನ್ನು ಮಕ್ಕಳೆದುರು ಆಡುವ ಮೊದಲು ಯೋಚಿಸಿ. ಖರ್ಚಿಗೆ ಹಣವಿಲ್ಲದಿದ್ದರೆ ಹಣವಿಲ್ಲ ಎಂದೇ ಹೇಳಿ. ಹಣದ ಕೊರತೆಗೆ ವಿದ್ಯಾರ್ಥಿವೇತನವಿದೆ, ಸಾಲವಿದೆ, ಈ ಸಂಘವಿದೆ. ಹಣವಿಲ್ಲದ್ದನ್ನು ‘ನಿನ್ನಿಂದಾಗದು’ ಎಂದು ಹೇಳಿಬಿಟ್ಟರೆ ಅದಕ್ಕೆ ವಿದ್ಯಾರ್ಥಿವೇತನ ಕೊಡುವವರಿಲ್ಲ.

ಸಂಘಕ್ಕೆ ಒಂದು ವಿನಂತಿ

2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿಯ ವಿದ್ಯಾರ್ಥಿಗಳ ಅಧ್ಯಯನವೊಂದು ಪ್ರಕಟವಾಯಿತು. ಬುದ್ಧಿಶಕ್ತಿ ಬೆಳೆಯಬಲ್ಲದು ಎಂದು ತಿಳಿಸುವ, ಒಟ್ಟು ಒಂದು ಗಂಟೆಗೂ ಕಡಿಮೆಯ ಪಾಠದಿಂದ ಕಡಿಮೆ ಅಂಕ ಪಡೆಯುತ್ತಿದ್ದವರಲ್ಲಿ ಸ್ವಲ್ಪ ಸುಧಾರಣೆ ಕಂಡಿತು. ಸ್ವಲ್ಪ ಮಾತ್ರ. ಅದೂ ಕೂಡ, ಕಷ್ಟದ ಸವಾಲನ್ನು ಕೈಗೆತ್ತಿಕೊಳ್ಳುವುದನ್ನು ಗೆಳೆಯರ ಬಳಗ ಬೆಂಬಲಿಸುತ್ತಿದ್ದ ಶಾಲೆಗಳಲ್ಲಿ ಹೆಚ್ಚು. ಬೀಜ ಒಳ್ಳೆಯದಾದರೂ ಮಣ್ಣು ಬೇಕು. ಆ ಮಣ್ಣು ಆಗಬೇಕಾದದ್ದು ನಮ್ಮಂಥ ಸಂಘಗಳು.

ಪ್ರತಿ ವರ್ಷ ನಾವು ಹೆಚ್ಚು ಅಂಕ ಪಡೆದವರನ್ನು ಕರೆದು ಸನ್ಮಾನಿಸುತ್ತೇವೆ. ಒಳ್ಳೆಯದೇ. ಅದರ ಜೊತೆ ಇನ್ನೊಂದು ಪುಸ್ತಕ ಇಡಿ. ನಮ್ಮ ಊರಿನಿಂದ ಈ ವರ್ಷ ಎಷ್ಟು ಮಂದಿ ಯಾವ ಯಾವ ಪರೀಕ್ಷೆಗೆ ಅರ್ಜಿ ಹಾಕಿದರು, ಎಷ್ಟು ಮಂದಿ ನಿಜವಾಗಿ ಹೋಗಿ ಬರೆದರು ಎಂದು ಅದರಲ್ಲಿ ದಾಖಲಿಸಿ. ಪಾಸಾದವರ ಪಟ್ಟಿ ಆಮೇಲೆ ತಾನಾಗಿ ಬೆಳೆಯುತ್ತದೆ. ಅರ್ಜಿ ತುಂಬಲು ಸಹಾಯ ಮಾಡುವ ಒಂದು ಮೇಜು, ಒಂದು ಕಂಪ್ಯೂಟರ್, ವಾರಕ್ಕೆ ಎರಡು ಸಂಜೆ. ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು ಎಂಬಂಥ ಸರಳ ಮಾಹಿತಿ ಕೂಡ ಎಷ್ಟೋ ಮಕ್ಕಳಿಗೆ ತಲುಪಿರುವುದಿಲ್ಲ. ಆ ಮೇಜಿನ ಬಳಿ ಎರಡು ಸಂಜೆ ಕೂರಲು ನಾನು ಸಿದ್ಧ, ನಿವೃತ್ತನಿಗೆ ಬೇರೆ ಕೆಲಸವೇನಿದೆ?

ವಿದ್ಯಾರ್ಥಿ ಮಿತ್ರರೇ, ಇವತ್ತು ಮನೆಗೆ ಹೋಗಿ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಮೊದಲ ಸಾಲು, ನನಗೆ ಆಸೆಯಿದ್ದರೂ ನಾನು ಅರ್ಜಿ ಹಾಕದೆ ಬಿಟ್ಟದ್ದು ಯಾವುದು? ಎರಡನೆಯ ಸಾಲು, ಅದು ನನಗಲ್ಲ ಎಂದು ನನಗೆ ಹೇಳಿದವರು ಯಾರು? ಎರಡನೆಯ ಸಾಲಿನಲ್ಲಿ ಹೆಸರು ಬಂದರೆ ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರಿಗೂ ಯಾರೋ ಹೇಳಿರುತ್ತಾರೆ. ಆ ಮಾತು ನಿಮ್ಮ ಹತ್ತಿರ ನಿಲ್ಲಲಿ, ನಿಮ್ಮ ತಮ್ಮ ತಂಗಿಯರ ತನಕ ಹೋಗದಿರಲಿ. ಆಮೇಲೆ ಮೊದಲ ಸಾಲಿನಲ್ಲಿ ಬರೆದದ್ದಕ್ಕೆ ಕೊನೆಯ ದಿನಾಂಕ ಯಾವಾಗ ಎಂದು ನೋಡಿ.